ಶಿವಗಂಗಾ ಹೆಸರಿನ ದಾಸೋಹ

ಶ್ರಾವಣ ಹುಟ್ಟುವ ಮೊದಲು ಮನೆಯ ಮೂಲೆಮೂಲೆಯನ್ನೂ ಗುಡಿಸಿ ಒರೆಸದಿದ್ದರೆ ಕಮಲಮ್ಮನಿಗೆ ಸಮಾಧಾನವಿಲ್ಲ. ಆ ವರ್ಷವೂ ಗಂಡ ಕೊಟ್ರಪ್ಪ ಹಾಲಿನ ಪಾಕೀಟು ತರಲು ಹೋದ ಹೊತ್ತಿನಲ್ಲಿ ಬೀರುವಿನ ಕೆಳಗಿನ ಖಾನೆ ಬರಿದು ಮಾಡಿ, ಹಾಸಿದ್ದ ಹಳೇ ಪೇಪರನ್ನು ಎಳೆದಳು. ಪೇಪರಿನ ಅಡಿಯಿಂದ ಒಂದು ಹಳದಿ ರಶೀದಿ ಜಾರಿ ಕಾಲ ಮೇಲೆ ಬಿತ್ತು.

ಕನ್ನಡಕ ಹುಡುಕಿ ಹಾಕಿಕೊಂಡು ಓದಿದಳು. ಮೇಲೆ ಅಚ್ಚಾಗಿದ್ದದ್ದು ‘ಶ್ರೀ ಸೌಟಜ್ಜನವರ ಮಠ, ಬಿಳಿಹಾಳು’. ಕೆಳಗೆ ನೀಲಿ ಶಾಯಿಯಲ್ಲಿ, ‘ದಾಸೋಹ ಒಂದು ಹೊತ್ತು. ಪ್ರತಿವರ್ಷ ಆಗಸ್ಟ್ 21. ಹೆಸರು: ಶಿವಗಂಗಾ. ಮಾಡಿಸುವವರು: ಕೊಟ್ರಪ್ಪ, ನಾಗಸಂದ್ರ, ಬೆಂಗಳೂರು.’

ಕಮಲಮ್ಮ ನೆಲದ ಮೇಲೆ ಕೂತೇಬಿಟ್ಟಳು. ಮೂರು ವರ್ಷದಿಂದ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಹೆಸರು ಅದು. ಗಂಡನ ಬೀರುವಿನಲ್ಲಿ, ಗಂಡನ ಪಂಚೆಗಳ ಕೆಳಗೆ ಬೆಚ್ಚಗೆ ಕೂತಿತ್ತು.

ಶಿವಗಂಗಾ ಅವಳ ಮಗಳು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದವಳು, ಅಲ್ಲೇ ಮಷಿನ್ ನಡೆಸುತ್ತಿದ್ದ ಮುತ್ತಣ್ಣನನ್ನು ಮೆಚ್ಚಿದಳು. ಅವನದು ಬೇರೆ ಜಾತಿ. ಕೇಳಿದರೆ ಅಪ್ಪ ಒಪ್ಪುವುದಿಲ್ಲ ಅಂತ ಕೇಳದೆಯೇ ಒಂದು ಆಗಸ್ಟ್ ಇಪ್ಪತ್ತೊಂದರಂದು ರಿಜಿಸ್ಟರ್ ಮದುವೆಯಾಗಿ, ಆಫೀಸಿನ ಮೆಟ್ಟಿಲ ಮೇಲೆ ನಿಂತು ಫೋನ್ ಮಾಡಿದಳು. ಕೊಟ್ರಪ್ಪ ಕೂಗಾಡಲಿಲ್ಲ. ಗೋಡೆಯ ಮೇಲಿದ್ದ ಅವಳ ಡಿಗ್ರಿ ಫೋಟೋ ಇಳಿಸಿದ. ಅವಳ ಹೆಸರು ಕೆತ್ತಿಸಿದ್ದ ಸ್ಟೀಲ್ ತಟ್ಟೆಯನ್ನು ಗುಜರಿಯವನಿಗೆ ಹಾಕಿದ. “ಇನ್ಮೇಲೆ ಅವಳ ಮಾತು ಈ ಮನೇಲಿ ಬೇಡ,” ಅಂದ. ಅಷ್ಟೇ. ಮುತ್ತಣ್ಣ ಬೊಮ್ಮಸಂದ್ರದಲ್ಲಿ ಕೆಲಸ ಹಿಡಿದ. ಊರಿನ ಈ ತುದಿಯಲ್ಲಿ ತಾಯಿ, ಆ ತುದಿಯಲ್ಲಿ ಮಗಳು.

ಮರುವರ್ಷದಿಂದ ಕೊಟ್ರಪ್ಪ ಆಗಸ್ಟ್ ಬಂತೆಂದರೆ ಎರಡು ದಿನ ಬಿಳಿಹಾಳಿಗೆ ಹೋಗುತ್ತಿದ್ದ. “ಅಜ್ಜನ ಸೇವೆ,” ಅನ್ನುತ್ತಿದ್ದ. ಯಾರನ್ನೂ ಜೊತೆಗೆ ಕರೆಯುತ್ತಿರಲಿಲ್ಲ.

ಸಂಜೆ ಸೊಸೆ ಹೇಮಲತಾ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕಮಲಮ್ಮ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಹೇಮಲತಾ ರಶೀದಿಯನ್ನು ಲೈಟಿಗೆ ಹಿಡಿದು ನೋಡಿದಳು.

“ಅತ್ತೆ, ಇದು ಅವರ ಮದ್ವೆ ಆದ ದಿನ ಅಲ್ವಾ?”

“ಅದೇ ದಿನ ಕಣೆ.”

“ಹಂಗಾದ್ರೆ ಮಾವ ಒಳಗೊಳಗೇ ಕರಗಿದಾರೆ! ನಮ್ಮ ಫ್ಯಾಕ್ಟರಿ ಮ್ಯಾನೇಜರು ಮಗಳ ಹುಟ್ಟಿದಬ್ಬಕ್ಕೆ ಮಠದಲ್ಲಿ ಊಟ ಹಾಕಿಸ್ತಾರೆ. ಮಕ್ಕಳು ಚೆನ್ನಾಗಿರ್ಲಿ ಅಂತ ತಾನೇ ಎಲ್ರೂ ಹಾಕ್ಸೋದು? ನೋಡಿ, ಮೇಲೆ ಬಿಗಿಯಾಗಿದ್ದು ಅಲ್ಲಿ ಹೋಗಿ ಮಗಳ ಹೆಸರಲ್ಲಿ ಸಾವಿರ ಜನಕ್ಕೆ ಅನ್ನ ಹಾಕ್ತಾರೆ. ಗಂಡಸರು ಹಿಂಗೇ. ಬಾಯಲ್ಲಿ ಬರಲ್ಲ.”

“ನನ್ ಹತ್ರನಾದ್ರೂ ಒಂದ್ ಮಾತು ಹೇಳ್ಬಾರ್ದಿತ್ತಾ ಈ ಯಪ್ಪ,” ಎಂದು ಕಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳುವೋ ನಗುವೋ ಅವಳಿಗೇ ತಿಳಿಯಲಿಲ್ಲ.

ತಿಂಗಳಿಗೊಮ್ಮೆ ಎರಡನೇ ಶನಿವಾರ ಕಮಲಮ್ಮ ತರಕಾರಿ ಚೀಲ ಹಿಡಿದು ಮನೆಯಿಂದ ಹೊರಟರೆ ನಾಗಸಂದ್ರ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲ ಕೆಳಗೆ ಮಗಳು ಕೂಸನ್ನು ಸೊಂಟಕ್ಕಿಟ್ಟುಕೊಂಡು ನಿಂತಿರುತ್ತಿದ್ದಳು. ಅರ್ಧ ಗಂಟೆಯ ಭೇಟಿ, ಎರಡು ಚಹಾ, ಒಂದು ಡಬ್ಬಿ ಚಟ್ನಿಪುಡಿ. ಆ ಶನಿವಾರ ಚಟ್ನಿಪುಡಿಯ ಜೊತೆ ರಶೀದಿಯೂ ಇತ್ತು.

ಶಿವಗಂಗಾ ಅದನ್ನು ಮೂರು ಸಲ ಓದಿದಳು.

“ಅಪ್ಪ? ನನ್ ಹೆಸರಲ್ಲಿ?”

“ಅವರ ಅಕ್ಷರ ಅಲ್ಲ, ಮಠದೋರು ಬರ್ದಿರೋದು. ಆದ್ರೆ ಬರ್ಸಿರೋದು ನಿಮ್ಮಪ್ಪನೇ.”

“ಮದ್ವೆ ದಿನ ನೆನಪಿಟ್ಕೊಂಡಿದಾರೆ ಅವ್ವಾ! ನನ್ ಗಂಡಂಗೇ ನೆನಪಿರಲ್ಲ,” ಎಂದು ಅವಳು ನಕ್ಕಳು. ನಕ್ಕವಳು ಕೂಸಿನ ತಲೆಯಲ್ಲಿ ಮುಖ ಹುದುಗಿಸಿ ಸುಮಾರು ಹೊತ್ತು ಎತ್ತಲಿಲ್ಲ.

ಉಪಾಯ ಹೇಮಲತಾಳದು. ಈ ಸಲ ಇಪ್ಪತ್ತೊಂದು ಭಾನುವಾರ ಬಿದ್ದಿತ್ತು. ಮಾವ ಶನಿವಾರವೇ ಹೋಗಲಿ. ಭಾನುವಾರ ಬೆಳಗಿನ ಬಸ್ಸಿಗೆ ಅತ್ತೆ, ತಾನು, ಶಿವಗಂಗಾ, ಕೂಸು ಹೊರಟು ಮಧ್ಯಾಹ್ನದ ದಾಸೋಹಕ್ಕೆ ಸರಿಯಾಗಿ ಸೇರುವುದು. ಊಟವಾದ ಮೇಲೆ ಅಜ್ಜನ ಗದ್ದುಗೆಯ ಮುಂದೆ ಕೂಸನ್ನು ತಾತನ ಕಾಲ ಮೇಲೆ ಹಾಕಿಬಿಡುವುದು.

“ಗದ್ದುಗೆ ಮುಂದೆ ಬೇಡ ಅನ್ನೋಕಾಗುತ್ತಾ ಮಾವಂಗೆ? ಮನೆ ಬಾಗಿಲಲ್ಲಾದ್ರೆ ಅಂದ್ಬಿಡ್ತಾರೆ.”

ಆ ದಿನ ಊಟದ ಹೊತ್ತಿನಲ್ಲಿ, ಕೊಟ್ರಪ್ಪ ವಾಕಿಂಗಿಗೆ ಹೋಗಿದ್ದಾಗ, ಮಗ ವೀರೇಶನಿಗೆ ವಿಷಯ ಹೇಳಿದರು. ಅವನು ರೊಟ್ಟಿ ಮುರಿಯುವುದನ್ನೇ ನಿಲ್ಲಿಸಿದ.

“ನನ್ನನ್ನ ಇದಕ್ಕೆ ಎಳೀಬೇಡಿ. ಅಪ್ಪ ಕೇಳಿದ್ರೆ ನಂಗೇನೂ ಗೊತ್ತಿಲ್ಲ.”

“ನಿಮ್ಗೆ ಯಾವತ್ತು ಏನು ಗೊತ್ತಿತ್ತು?” ಅಂದಳು ಹೇಮಲತಾ. “ತಂಗಿ ಬಾಣಂತನಕ್ಕೆ ಒಂದ್ ಸಲ ಹೋಗಿ ಬಂದ್ರಾ?”

“ಏ, ನೀನು ಸುಮ್ನಿರು.”

“ಸುಮ್ನಿದ್ದೇ ಮೂರು ವರ್ಷ ಆಯ್ತು. ಪಲ್ಯ ಹಾಕ್ಲಾ ಬೇಡ್ವಾ?”

ಅವನು ತಟ್ಟೆ ಮುಂದಕ್ಕೆ ಚಾಚಿದ. ಭಾನುವಾರ ಬೆಳಿಗ್ಗೆ ಐದಕ್ಕೆ, ಹಿಂದಿನ ರಾತ್ರಿಯೇ ಬಂದು ತಂಗಿದ್ದ ಶಿವಗಂಗಾ ಸೇರಿ ಮೂವರನ್ನೂ ತುಮಕೂರು ರಸ್ತೆಯ ಬಸ್‌ಸ್ಟಾಪಿಗೆ ಎರಡು ಟ್ರಿಪ್ಪಿನಲ್ಲಿ ಬೈಕಿನ ಮೇಲೆ ಬಿಟ್ಟವನೂ ಅವನೇ. ತಂಗಿಯ ಮುಖ ನೋಡಲಿಲ್ಲ. ಕೂಸಿನ ಕೈಗೆ ಮಾತ್ರ ಒಂದು ಬಿಸ್ಕತ್ ಪ್ಯಾಕೆಟ್ ತುರುಕಿ, ಹೆಲ್ಮೆಟ್ ಹಾಕಿಕೊಂಡು ಹೊರಟುಬಿಟ್ಟ.

ಬಿಳಿಹಾಳು ಚಿತ್ರದುರ್ಗ ದಾಟಿದ ಮೇಲೆ ಸಿಗುವ ಸಣ್ಣ ಊರು. ಬಸ್‌ಸ್ಟ್ಯಾಂಡಿನಿಂದ ಮಠದವರೆಗೆ ಒಂದೇ ಬೀದಿ, ಎರಡೂ ಕಡೆ ವಿಭೂತಿಗಟ್ಟಿ, ಬತ್ತಾಸು, ಮಂಡಕ್ಕಿ ಮಾರುವ ಅಂಗಡಿಗಳು. ಅಂಗಡಿಯವರೆಲ್ಲ ಅಜ್ಜನ ಕಥೆ ಹೇಳುವವರೇ. ಅದೆಷ್ಟೋ ತಲೆಮಾರಿನ ಹಿಂದೆ, ಬರ ಬಿದ್ದಾಗ, ಈ ಅಜ್ಜ ಊರೂರು ತಿರುಗಿ ಜೋಳ ಬೇಡಿ ತಂದು ಅಂಬಲಿ ಕಾಸಿದನಂತೆ. ಒಂದು ಮರದ ಸೌಟು ಹಿಡಿದು ತಾನೇ ಬಡಿಸಿದನಂತೆ. ಕೊನೆಯವನು ಉಂಡ ಮೇಲೆ ತಾನು ಉಣ್ಣುತ್ತಿದ್ದನಂತೆ. ಅವನು ಹಾಕಿಕೊಟ್ಟ ಕಟ್ಟಳೆ ಈಗಲೂ ಇದೆ: ದಾಸೋಹದಲ್ಲಿ ಬಡಿಸುವವನ ಕಣ್ಣು ಎಲೆಯ ಮೇಲಿರಬೇಕು, ಮುಖದ ಮೇಲಲ್ಲ. ಉಣ್ಣುವವರು ಯಾವ ಕುಲ, ಯಾವ ಊರು ಅಂತ ಬಡಿಸುವವನಿಗೆ ಕಾಣಬಾರದು. ಯಾರ ಹೆಸರಿನ ದಾಸೋಹವೋ ಆ ಮನೆಯವರೇ ಸಿಹಿ ಬಡಿಸಬೇಕು.

“ಕೇಳಿದ್ಯಾ ಅತ್ತಿಗೆ?” ಅಂದಳು ಶಿವಗಂಗಾ ಪಿಸುಮಾತಿನಲ್ಲಿ. “ಈ ಅಜ್ಜ ನಮ್ ಮದ್ವೆಗೆ ಬರ್ತಿದ್ದ.”

ಅವಳು ಹೊಸ ಸೀರೆ ಉಟ್ಟು ಬಂದಿದ್ದಳು. ಹಸಿರು ಬಣ್ಣದ್ದು, ಮುತ್ತಣ್ಣ ಕೊಡಿಸಿದ್ದು. ಅಪ್ಪನಿಗೆ ಹಸಿರು ಇಷ್ಟ ಅಂತ.

ದಾಸೋಹದ ಮನೆಯಲ್ಲಿ ಆಗಲೇ ಪಂಕ್ತಿ ಕೂತಿತ್ತು. ಗೋಡೆಯ ಕಡೆಯ ಸಾಲಿನ ಕೊನೆಯಲ್ಲಿ ನಾಲ್ಕು ಎಲೆ ಹಿಡಿದು ಕೂತರು. ಮೂವರೂ ತಲೆಯ ಮೇಲೆ ಸೆರಗು ಹೊದ್ದಿದ್ದರು. ಪಕ್ಕದಲ್ಲಿ ಕೂತಿದ್ದ ಮುದುಕಿ ತಾನೇ ಮಾತಿಗೆಳೆದಳು. ರುಕ್ಮವ್ವ ಅಂತೆ, ಜಗಳೂರು ಕಡೆಯವಳು, ತಿಂಗಳಿಗೊಮ್ಮೆ ಬರುತ್ತಾಳಂತೆ.

“ನೀವು ಹುಗ್ಗಿ ಬಿಡಬ್ಯಾಡ್ರವ್ವ. ಇಲ್ಲಿ ಎಲಿ ಮ್ಯಾಲೆ ಒಂದಗುಳೂ ಬಿಡಂಗಿಲ್ಲ, ಅಜ್ಜ ಸಿಟ್ಟಾಗ್ತಾನ.”

ಅಷ್ಟರಲ್ಲಿ ಸಾಲಿನ ಆ ತುದಿಯಲ್ಲಿ ಕೊಟ್ರಪ್ಪ ಕಾಣಿಸಿದ. ಪಂಚೆ ಎತ್ತಿ ಕಟ್ಟಿ, ಹಣೆಗೆ ಮೂರು ಬೆರಳಿನ ವಿಭೂತಿ ಇಟ್ಟು, ಗೋಧಿಹುಗ್ಗಿಯ ಬಕೆಟ್ಟು ಹಿಡಿದು ಬರುತ್ತಿದ್ದ. ಕಣ್ಣು ಎಲೆಗಳ ಮೇಲೆ. ಒಂದು ಎಲೆ, ಒಂದು ಸೌಟು. ನಲವತ್ತು ವರ್ಷ ಬಡಿಸಿಕೊಂಡು ಉಂಡ ಗಂಡ, ಇವತ್ತು ಕಮಲಮ್ಮನ ಎಲೆಗೆ ಬಡಿಸಿದ. ನೋಡಲಿಲ್ಲ. ಹೇಮಲತಾಳಿಗೆ ಬಡಿಸಿದ. ನೋಡಲಿಲ್ಲ. ಶಿವಗಂಗಾಳ ಎಲೆಗೆ ಒಂದು ಸೌಟು ಹಾಕಿ, ಮುಂದಿನ ಎಲೆ ಕೂಸಿನದೆಂದು ತಿಳಿದು ಅರ್ಧ ಸೌಟು ಹಾಕಿ, ಮುಂದಿನ ಸಾಲಿಗೆ ಹೊರಳಿದ.

“ಅಪ್ಪನ ಕೈ ಸಣ್ಣಗಾಗಿದೆಯವ್ವ,” ಅಂದಳು ಶಿವಗಂಗಾ.

ಮೈಕಿನಲ್ಲಿ ಮಠದ ಗುಮಾಸ್ತ ಗಂಟಲು ಸರಿಮಾಡಿಕೊಂಡ. ಉಣ್ಣಲು ಕೈಯಿಡುವ ಮೊದಲು ಅಂದಿನ ದಾಸೋಹ ಯಾರದೆಂದು ಓದುವುದು ಅಲ್ಲಿಯ ಪದ್ಧತಿ.

“ಇವತ್ತಿನ ದಾಸೋಹ, ಬೆಂಗಳೂರು ನಾಗಸಂದ್ರದ ಕೊಟ್ರಪ್ಪನವರಿಂದ. ಅವರ ಮಗಳು ಲಿಂಗೈಕ್ಯ ಶಿವಗಂಗಾ ಅವರ ಮೂರನೇ ವರ್ಷದ ಪುಣ್ಯಸ್ಮರಣೆಗಾಗಿ. ಆ ತಾಯಿಯ ಆತ್ಮಕ್ಕೆ ಅಜ್ಜ ಶಾಂತಿ ಕೊಡಲಿ. ಹರಹರ ಮಹಾದೇವ!”

“ಮಹಾದೇವ!” ಎಂದು ಇಡೀ ಮನೆ ಕೂಗಿತು. ಸಾವಿರ ಕೈ ಎಲೆಗಿಳಿದವು.

ಕಮಲಮ್ಮನಿಗೆ ಮೊದಲು ಬೇರೆ ಯಾವುದೋ ಶಿವಗಂಗಾ ಅನ್ನಿಸಿತು. ನಾಗಸಂದ್ರದಲ್ಲಿ ಇನ್ನೊಬ್ಬ ಕೊಟ್ರಪ್ಪ ಇರಬಹುದು. ಆಮೇಲೆ ಹೇಮಲತಾಳ ಮುಖ ನೋಡಿದಳು. ಅದರಲ್ಲಿ ರಕ್ತವೇ ಇರಲಿಲ್ಲ. ರುಕ್ಮವ್ವ “ಪಾಪ, ಎಷ್ಟು ವಯಸ್ಸಿತ್ತೋ ಏನೋ” ಎನ್ನುತ್ತ ಹುಗ್ಗಿಯ ಮೊದಲ ತುತ್ತು ಬಾಯಿಗಿಟ್ಟಿದ್ದಳು.

ಶಿವಗಂಗಾ ತನ್ನ ಎಲೆಯನ್ನು ನೋಡುತ್ತಿದ್ದಳು.

“ಅವ್ವಾ,” ಎಂದಳು. ಸಣ್ಣ ಮಗು ಕೇಳಿದ ಹಾಗಿತ್ತು ದನಿ. ಮತ್ತೆ ಗಟ್ಟಿಯಾಗಿ, “ನಾನ್ ಯಾವಾಗ ಸತ್ತೆ?”

ಆ ದನಿಗೆ ಮುಂದಿನ ಸಾಲಿನಲ್ಲಿ ಬಗ್ಗಿ ಬಡಿಸುತ್ತಿದ್ದ ಕೊಟ್ರಪ್ಪನ ಬೆನ್ನು ನೆಟ್ಟಗಾಯಿತು. ತಿರುಗಿದ. ಮಗಳನ್ನು ನೋಡಿದ, ಅವಳ ಮಡಿಲಲ್ಲಿದ್ದ ಕೂಸನ್ನು ನೋಡಿದ. ಕೈಯಲ್ಲಿದ್ದ ಸೌಟು ಹಾಗೇ ಓರೆಯಾಗಿತ್ತು, ಹುಗ್ಗಿ ಯಾರದೋ ಎಲೆಯ ಮೇಲೆ ಸುರಿಯುತ್ತಲೇ ಇತ್ತು.

“ಸಾಕು ಸಾಕು, ಯಜಮಾನ್ರೇ! ಎಲೆ ತುಂಬ್ತು, ಪಂಚೆಗೂ ಆಯ್ತು!” ಎಂದು ಆ ಎಲೆಯ ಮುಂದೆ ಕೂತವನು ಕೂಗಿಕೊಂಡ.

ಕೊಟ್ರಪ್ಪ ಬಕೆಟ್ಟನ್ನು ಪಂಕ್ತಿಯ ನಡುವೆಯೇ ಇಟ್ಟು ಹೊರಗೆ ನಡೆದ.

ಶಿವಗಂಗಾ ಎದ್ದಳು. ಅಳಲಿಲ್ಲ. ಕೂಸು ಹುಗ್ಗಿಗೆ ಕೈಹಾಕಿ ಬೆರಳು ಚೀಪುತ್ತಿತ್ತು. ಆ ಬೆರಳುಗಳನ್ನು ಒಂದೊಂದಾಗಿ ಹಸಿರು ಸೀರೆಯ ಸೆರಗಿನಿಂದ ಒರೆಸಿದಳು, ಬಾಯೊಳಗೆ ಬೆರಳು ಹಾಕಿ ಇದ್ದದ್ದನ್ನೂ ತೆಗೆದಳು. ಕೂಸು ಕಿರುಚಿತು.

“ಪ್ರಸಾದ ಹಂಗ ಬಿಟ್ಟು ಏಳಬಾರದವ್ವ,” ಎಂದಳು ರುಕ್ಮವ್ವ.

“ನಂದೇ ಪ್ರಸಾದ ಅಜ್ಜಿ. ನಾನ್ ಹೆಂಗೆ ತಿನ್ಲಿ?”

ಮುದುಕಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಹಾಗೇ ಕೂತಳು.

ಕಮಲಮ್ಮ ಗಂಡನನ್ನು ಹುಡುಕಿಕೊಂಡು ಹೋದಳು. ಅವನು ಮಠದ ಪುಷ್ಕರಣಿಯ ಮೆಟ್ಟಿಲ ಮೇಲೆ ಕೂತಿದ್ದ.

“ನೀವೇ ಬರ್ಸಿದ್ದಾ?”

“ಹೂಂ.”

“ಸತ್ಲು ಅಂತ?”

“ನನ್ನ ಪಾಲಿಗೆ ಹಂಗೇ. ಯಾರು ಕರ್ಕೊಂಡು ಬಂದಿದ್ದು ಅವಳನ್ನ?”

“ನಾನು. ನಿಮ್ಮಪ್ಪ ನಿನ್ನ ಹೆಸರಲ್ಲಿ ಅನ್ನ ಹಾಕಿಸ್ತಾರೆ ಬಾ ಮಗಳೇ ಅಂತ ನಾನೇ ಕರ್ಕೊಂಡು ಬಂದೆ.” ಅವಳು ಒಂದು ಮೆಟ್ಟಿಲು ಕೆಳಗಿಳಿದಳು. “ವರ್ಷಾ ವರ್ಷಾ ಊಟ ಹಾಕೋವಷ್ಟು ದುಡ್ಡು ಎಲ್ಲಿಂದ ಬಂತು ನಿಮಗೆ?”

ಕೊಟ್ರಪ್ಪ ನೀರನ್ನೇ ನೋಡುತ್ತ ಹೇಳಿದ: “ಅವಳ ಮದುವೆ ಊಟಕ್ಕೆ ಅಂತ ಇಟ್ಟಿದ್ದು. ಊಟಕ್ಕೇ ಹೋಯ್ತು.”

ಕಮಲಮ್ಮ ತಿರುಗಿ ಮೆಟ್ಟಿಲು ಹತ್ತಿದಳು. ನೇರವಾಗಿ ಮಠದ ಆಫೀಸಿಗೆ ಹೋದಳು. ಮೈಕಿನಲ್ಲಿ ಓದಿದ ಗುಮಾಸ್ತ ಕಾಡಪ್ಪ ಅಲ್ಲಿ ಊಟದ ಲೆಕ್ಕ ಬರೆಯುತ್ತಿದ್ದ. ಹೊರಗೆ ಬೇವಿನ ಮರದಡಿ ನಿಂತಿದ್ದ ಹಸಿರು ಸೀರೆಯ ಹೆಂಗಸನ್ನು ಕಿಟಕಿಯಿಂದ ತೋರಿಸಿ, “ಅವಳೇ ನೀವು ಓದಿದ ಶಿವಗಂಗಾ. ಹೆಸರು ಹೊಡೆದು ಹಾಕಿ,” ಎಂದಳು.

ಕಾಡಪ್ಪನ ಕೈಯಲ್ಲಿದ್ದ ಪೆನ್ನು ನಿಂತಿತು. “ಶಿವಶಿವಾ! ಮೂರು ವರ್ಷ ನಾನೇ ಓದೀನಲ್ಲವ್ವ, ಆ ತಂಗಿಗೆ ಶಾಂತಿ ಕೊಡಲಿ ಅಂತ.” ಪುಸ್ತಕ ತೆರೆದು ನೋಡಿ, ಮುಚ್ಚಿದ. “ಆದ್ರ ನಾ ಹೊಡೀಲಿಕ್ಕೆ ಬರಂಗಿಲ್ಲ. ಬರೆಸಿದವರೇ ಬಂದು ಹೇಳ್ಬೇಕು.”

ಬಸ್ಸಿನಲ್ಲಿ ಶಿರಾ ದಾಟುವಾಗ ಹೇಮಲತಾ, “ನನ್ ತಪ್ಪು ಶಿವಾ. ನಾನೇ ಅರ್ಥ ಕಟ್ಟಿದ್ದು,” ಎಂದಳು. ಶಿವಗಂಗಾ ಕಿಟಕಿಯ ಕಡೆಗೆ ತಿರುಗಿ ಕೂತಿದ್ದಳು. ನಾಗಸಂದ್ರದಲ್ಲಿ ಅವರು ಇಳಿದಾಗ ಅವಳು ಇಳಿಯಲಿಲ್ಲ. ಮೆಜೆಸ್ಟಿಕ್‌ಗೆ ಹೋಗಿ ಬಸ್ಸು ಬದಲಿಸುತ್ತೇನೆ ಅಂದಳು. ತಾಯಿ ಕೊಟ್ಟ ಬಾಳೆಹಣ್ಣನ್ನೂ ಇಸಕೊಳ್ಳಲಿಲ್ಲ.

ಆಮೇಲಿನ ಮೂರು ವಾರ ಆ ಮನೆಯಲ್ಲಿ ಪಾತ್ರೆಗಳದ್ದೇ ಸದ್ದು. ಕಮಲಮ್ಮ ಬೇಯಿಸಿದಳು, ತಟ್ಟೆಗೆ ಹಾಕಿದಳು, ಗಂಡನ ಮುಂದೆ ಇಟ್ಟಳು. ಕೊಟ್ರಪ್ಪ ಉಪ್ಪು ಕೇಳಿದರೆ ಉಪ್ಪು ಕೊಟ್ಟಳು. ಮಾತು ಕೊಡಲಿಲ್ಲ. ವೀರೇಶ ಸೆಕೆಂಡ್ ಶಿಫ್ಟ್ ಹಾಕಿಸಿಕೊಂಡು ಊಟದ ಹೊತ್ತಿಗೆ ಮನೆಯಲ್ಲಿ ಇರದ ಹಾಗೆ ನೋಡಿಕೊಂಡ. ದಿನಕ್ಕೆ ನಾಲ್ಕು ಸಲ ಕಮಲಮ್ಮ ಮಗಳಿಗೆ ಫೋನ್ ಮಾಡುವಳು. ರಿಂಗಾಗಿ ರಿಂಗಾಗಿ ನಿಲ್ಲುವುದು. ಗೌರಿ ಹಬ್ಬದ ಬಾಗಿನಕ್ಕೆಂದು ಬಳೆ ತಂದಿಟ್ಟಿದ್ದಳು. ಅವೂ ಕಾಗದ ಬಿಚ್ಚದೆ ಉಳಿದವು. ಎರಡನೇ ಶನಿವಾರ ಮೆಟ್ರೊ ಮೆಟ್ಟಿಲ ಕೆಳಗೆ ಎರಡು ಗಂಟೆ ನಿಂತಳು. ಚಹಾದವನೇ, “ಅಮ್ಮಾ, ಇವತ್ತು ಮಗಳು ಬರ್ಲಿಲ್ವಾ?” ಅಂದ.

ಸೋಮವಾರ ಎರಡು ಬಸ್ಸು ಬದಲಿಸಿ ಬೊಮ್ಮಸಂದ್ರಕ್ಕೇ ಹೋದಳು. ಮುತ್ತಣ್ಣ ನೈಟ್ ಶಿಫ್ಟ್ ಮುಗಿಸಿ ಬಂದು, ಬನಿಯನ್ನಿನಲ್ಲಿ ಬಾಗಿಲು ತೆಗೆದ. ಅತ್ತೆಯನ್ನು ಕಂಡು ಟವೆಲ್ ಹೊದ್ದುಕೊಂಡ.

“ಬನ್ನಿ ಅತ್ತೆ. ಕೂತ್ಕೊಳ್ಳಿ, ಊಟ ಮಾಡ್ಕೊಂಡು ಹೋಗಿ. ಆದ್ರೆ ಅವಳು ಒಳಗಿಂದ ಬರಲ್ಲ ಅಂತಿದಾಳೆ.”

“ಶಿವಾ, ಒಂದ್ ಸಲ ಮುಖ ತೋರ್ಸೇ,” ಎಂದಳು ಕಮಲಮ್ಮ ಪರದೆಯ ಕಡೆಗೆ.

ಪರದೆಯ ಹಿಂದಿನಿಂದ ಮಾತು ಬಂತು. “ಸತ್ತೋರ್ ಮನೆಗ್ಯಾಕೆ ಬಂದೆ ಅವ್ವಾ?”

“ಹಂಗನ್ಬೇಡವೇ.”

“ನಾನೆಲ್ಲಿ ಅಂದೆ? ಬರೆಸಿದೋರು ಅಂದ್ರು, ಸಾವಿರ ಜನ ಮಹಾದೇವ ಅಂದ್ರು. ನನ್ ಕೂಸಿನ ಬಾಯಿಗೆ ಅವರಮ್ಮನ ಸಾವಿನ ಹುಗ್ಗಿ ಹೋಯ್ತು. ರಾತ್ರಿ ಅದಕ್ಕೆ ಜ್ವರ ಬಂದ್ರೆ ನಂಗೇನನ್ಸುತ್ತೆ ಗೊತ್ತಾ?” ಒಳಗೆ ಕೂಸಿನ ಬೆನ್ನು ತಟ್ಟುವ ಸದ್ದು. “ಇಷ್ಟು ದಿನ ಅಪ್ಪ ಮಾತಾಡ್ಸಲ್ಲ ಅಂತಿದ್ದೆ. ಮಾತಾಡ್ಸದೇ ಇರೋದು ಬೇರೆ, ಮಣ್ ಮಾಡೋದು ಬೇರೆ. ನಾಲ್ಕು ಜನದ ಮುಂದೆ ನನ್ ಮಗಳು ಬದುಕಿದಾಳೆ ಅಂತ ಅವರ ಬಾಯಲ್ಲಿ ಬರ್ಲಿ. ಅಲ್ಲೀವರ್ಗೂ ನೀನೂ ಬರ್ಬೇಡ.”

ಕಮಲಮ್ಮ ಮುತ್ತಣ್ಣ ಬಡಿಸಿದ ಅನ್ನಸಾರು ಉಂಡಳು. ಉಣ್ಣದೆ ಹೋದರೆ ಆ ಹುಡುಗ ಬೇರೆಯೇ ಅರ್ಥ ಮಾಡಿಕೊಂಡಾನು. ಕೈತೊಳೆದು ಎದ್ದಾಗ ಪರದೆಯ ಕೆಳಗಿನಿಂದ ಕೂಸಿನ ಎರಡು ಪಾದ ಕಂಡವು. ಯಾರೋ ಅದನ್ನು ಹಿಂದಕ್ಕೆಳೆದುಕೊಂಡರು.

ಮಡಿವಾಳದಲ್ಲಿ ಬಸ್ಸು ಅರ್ಧ ಗಂಟೆ ನಿಂತಲ್ಲೇ ನಿಂತಿತು. ನಾಲ್ಕು ಜನ, ನಾಲ್ಕು ಜನ ಅಂತ ಅವಳ ತಲೆಯಲ್ಲಿ ಸುತ್ತುತ್ತಿತ್ತು. ಗಂಡ ಎಲ್ಲಿ ಬರೆಸಿದ? ಯಾರೂ ಗುರುತಿಲ್ಲದ ಊರಿನಲ್ಲಿ. ಇಲ್ಲಿ ಯಾರಾದರೂ ಮಗಳನ್ನು ಕೇಳಿದರೆ “ಆ ಕಡೆ ಇದಾಳೆ” ಅಂತ ಹಾರಿಸಿಬಿಡುತ್ತಿದ್ದ. ಇಪ್ಪತ್ತೆಂಟು ವರ್ಷ ಅವನ ಜೊತೆ ಒಂದೇ ಕಾರ್ಖಾನೆಯಲ್ಲಿ ದುಡಿದವರು ಸುತ್ತ ಇದ್ದಾರೆ. ಅವರೆದುರು ಸತ್ತಳು ಅಂತ ಒಂದು ದಿನವೂ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ?

ನಾಗಸಂದ್ರದಲ್ಲಿ ಇಳಿದವಳು ಮನೆಗೆ ಹೋಗುವ ಮೊದಲು ಎದುರುಮನೆಯ ಗಂಗಮ್ಮನ ಬಾಗಿಲಿಗೆ ಹೋದಳು.

“ಗಂಗಮ್ಮಾ, ನನ್ ಶಿವಗಂಗಾ ಹೋಗ್ಬಿಟ್ಳು ಕಣ್ರೀ.”

“ಹೋದ್ಲು ಅಂದ್ರೆ? ಎಲ್ಲಿಗ್ರೀ?” ಎಂದ ಗಂಗಮ್ಮ ಅವಳ ಮುಖ ನೋಡಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಅಯ್ಯೋ ನಮ್ಮಪ್ಪಾ! ಯಾವಾಗ?”

“ಅದೆಲ್ಲ ನಮ್ ಯಜಮಾನ್ರಿಗೇ ಗೊತ್ತು. ಅವರನ್ನೇ ಕೇಳಿ.”

ಆ ಸಂಜೆ ಅವಳು ಒಲೆ ಹಚ್ಚಲಿಲ್ಲ. ಹೇಮಲತಾ ಬಂದು ನೋಡಿ, ಕಾರಣ ಕೇಳಿ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಅತ್ತೆ! ಬದುಕಿರೋಳನ್ನ... ಅಪಶಕುನ ಅಲ್ವಾ?”

“ಮೂರು ವರ್ಷದಿಂದ ಮೈಕಲ್ಲಿ ಆಗ್ತಾ ಇದೆ ಅಪಶಕುನ. ನಂಗೆ ಗೊತ್ತಿರ್ಲಿಲ್ಲ, ಅಷ್ಟೇ. ನೀನು ಹೋಟ್ಲಿಂದ ಇಡ್ಲಿ ತರ್ಸ್ಕೋ.”

ಕೊಟ್ರಪ್ಪ ತಟ್ಟೆಯ ಮುಂದೆ ಬಂದು ಕೂತು, “ಊಟ?” ಎಂದ.

“ಸಾವಾದ ಮನೇಲಿ ಒಲೆ ಹಚ್ಚಲ್ಲ.” ಮೂರು ವಾರದ ಮೇಲೆ ಅವಳು ಗಂಡನಿಗೆ ಆಡಿದ ಮೊದಲ ಮಾತು ಅದು.

“ನಿಂಗೆ ತಲೆ ಕೆಟ್ಟಿದೆ,” ಎಂದು ಅವನು ಎದ್ದು ದರ್ಶಿನಿ ಹೋಟ್ಲಿಗೆ ಹೋದ.

ಮರುದಿನ ಬೆಳಿಗ್ಗೆ ಅವನು ಹಾಲು ತಗೊಂಡು ಬರುವಾಗ ಮನೆಯ ಮುಂದೆ ಹನ್ನೆರಡು ಹದಿನೈದು ಜೋಡಿ ಚಪ್ಪಲಿ. ಒಳಗೆ ನಡುಮನೆಯಲ್ಲಿ ಕಾರ್ಖಾನೆಯಲ್ಲಿ ಅವನ ಜೊತೆ ಲೇತ್ ಮಷಿನ್ ನಡೆಸಿದ ರಾಮಯ್ಯ, ಸ್ಟೋರ್ಸಿನಲ್ಲಿದ್ದ ದ್ಯಾಮಣ್ಣ, ಬೀದಿಯ ಹೆಂಗಸರು. ಗಂಗಮ್ಮ ಸಾವಿನ ಮನೆಗೆ ಒಯ್ಯುವ ಹಾಗೆ ದೊಡ್ಡ ಡಬ್ಬಿಯಲ್ಲಿ ಅನ್ನ ಸಾರು ತಂದಿದ್ದಳು. ಕಮಲಮ್ಮ ಗೋಡೆಗೊರಗಿ ಕೂತಿದ್ದಳು. ವೀರೇಶ ಹಲ್ಲುಜ್ಜುವ ಬ್ರಷ್ಷು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತುಬಿಟ್ಟಿದ್ದ.

ರಾಮಯ್ಯ ಎದ್ದು ಬಂದು ಕೊಟ್ರಪ್ಪನ ಎರಡೂ ಕೈ ಹಿಡಿದುಕೊಂಡ.

“ಕೊಟ್ರಪ್ಪಾ, ಇಷ್ಟು ದೊಡ್ಡ ವಿಷ್ಯ, ಒಂದ್ ಮಾತು ಹೇಳ್ಬಾರ್ದಾ? ನಮ್ ಕೈಮೇಲೆ ಆಡಿ ಬೆಳೆದ ಹುಡ್ಗಿ. ಆಯುಧಪೂಜೆಗೆ ಬಂದು ನನ್ ಲೇತಿಗೆ ಕುಂಕುಮ ಹಚ್ತಿತ್ತು ಅದು.”

ಕೊಟ್ರಪ್ಪ ಹಾಲಿನ ಪಾಕೀಟು ಹಿಡಿದೇ ನಿಂತಿದ್ದ. “ಏನು ವಿಷ್ಯ?”

“ಏನಾಗಿತ್ತು ಮಗೂಗೆ? ಡೆಂಗ್ಯೂನಾ? ಆಸ್ಪತ್ರೆಗೆ ಸೇರ್ಸಿದ್ರಾ?” ಎಂದ ದ್ಯಾಮಣ್ಣ. “ಮಣ್ಣು ಎಲ್ಲಿ ಮಾಡಿದ್ರಿ?”

ಕೊಟ್ರಪ್ಪ ಹೆಂಡತಿಯ ಕಡೆ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

“ಹೇಳಿ,” ಎಂದಳು. “ನಾನು ಕಂಡಿಲ್ಲ. ಮೂರು ವರ್ಷದಿಂದ ಪುಣ್ಯಸ್ಮರಣೆ ಮಾಡ್ಸ್ತಿರೋರು ನೀವು. ಹೆಂಗ್ ಸತ್ಲು ಹೇಳಿ, ಕೇಳ್ತಿದಾರೆ.”

“ಮೂರು ವರ್ಷಾನಾ?” ಎಂದು ಹೆಂಗಸರ ನಡುವಿನಿಂದ ಯಾರೋ ಉಸಿರೆಳೆದರು. “ಹೋದ್ ತಿಂಗ್ಳು ಮೆಟ್ರೊ ಹತ್ರ ನೋಡ್ದಂಗಿತ್ತಲ್ಲ ನಾನು!”

ಗಂಗಮ್ಮ ಜೋರಾಗಿ ಅಳತೊಡಗಿದಳು. ಕೊಟ್ರಪ್ಪ ಬಿಳಿಹಾಳಿನ ಪುಸ್ತಕಕ್ಕೆ ಸಲೀಸಾಗಿ ಹೇಳಿ ಬರೆಸಿದ್ದ ಮಾತು ಇಲ್ಲಿ, ರಾಮಯ್ಯನ ಒದ್ದೆ ಕಣ್ಣಿನೆದುರು, ಗಂಟಲಿನಿಂದ ಮೇಲೆ ಬರಲಿಲ್ಲ.

“ಇಲ್ಲ,” ಎಂದ ಕೊನೆಗೆ. “ಹಂಗೇನಿಲ್ಲ. ಇದಾಳೆ ಅವಳು.”

“ಇದಾಳಾ?” ರಾಮಯ್ಯ ಅವನ ಕೈ ಬಿಟ್ಟ. “ಏನಯ್ಯ ಇದು? ಹೆಂಡ್ತಿ ಇಲ್ಲ ಅಂತಾಳೆ, ನೀನು ಇದಾಳೆ ಅಂತೀಯ. ಯಾರನ್ನ ನಂಬೋದು ನಾವು? ಫೋನ್ ಮಾಡು. ಹುಡ್ಗಿ ದನಿ ಕೇಳ್ಲಿ ಒಂದ್ ಸಲ, ನಮ್ ಜೀವಕ್ಕೆ ಸಮಾಧಾನ.”

“ಹೌದ್ರೀ, ಫೋನ್ ಮಾಡಿ,” ಎಂದರು ನಾಲ್ಕೈದು ಜನ.

“ನನ್ ಹತ್ರ ನಂಬರ್ ಇಲ್ಲ.”

ಹೇಮಲತಾ ಅಡುಗೆಮನೆಯ ಬಾಗಿಲಿನಿಂದ ನಂಬರು ಹೇಳತೊಡಗಿದಳು. ಒಂದೊಂದೇ ಅಂಕಿ. ಕೊಟ್ರಪ್ಪ ಹಾಲಿನ ಪಾಕೀಟನ್ನು ವೀರೇಶನ ಕೈಗೆ ಕೊಟ್ಟು, ಫೋನು ತೆಗೆದು, ಹೆಬ್ಬೆರಳಿನಿಂದ ಒತ್ತಿದ. ನಡುವೆ ತಪ್ಪಿ ಮತ್ತೆ ಮೊದಲಿನಿಂದ ಒತ್ತಿದ. ರಾಮಯ್ಯ ಪಕ್ಕದಿಂದ ಬೆರಳು ಚಾಚಿ ಸ್ಪೀಕರ್ ಹಾಕಿದ.

ಅವ್ವನ ಫೋನನ್ನು ಎತ್ತದವಳು ಈ ಸಲ ಎರಡನೇ ರಿಂಗಿಗೇ ಎತ್ತಿದಳು. ಅಪ್ಪನ ನಂಬರನ್ನು ಅವಳು ಫೋನಿನಿಂದ ಅಳಿಸಿಯೇ ಇರಲಿಲ್ಲವೇನೋ. ಹಲೋ ಅನ್ನಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು.

“ನಾನು,” ಎಂದ ಕೊಟ್ರಪ್ಪ.

“ಏನು?”

“ಇಲ್ಲಿ ಜನ ಬಂದಿದಾರೆ. ರಾಮಯ್ಯ, ದ್ಯಾಮಣ್ಣ, ಎಲ್ಲಾ. ಒಂದ್ ಮಾತಾಡು. ಬದುಕಿದೀನಿ ಅಂತ ಹೇಳು.”

“ನಾನ್ಯಾಕೆ ಹೇಳ್ಲಿ? ನಾನು ಸತ್ತೆ ಅಂದಿಲ್ಲ. ಅಂದೋರು ಹೇಳ್ಲಿ.”

ಗಂಗಮ್ಮನ ಅಳು ನಿಂತಿತ್ತು. ಕೊಟ್ರಪ್ಪ ಫೋನನ್ನು ಅಂಗೈಯಲ್ಲಿ ಮುಂದಕ್ಕೆ ಹಿಡಿದುಕೊಂಡು ಎಲ್ಲರ ಮುಖ ನೋಡಿದ. ರಾಮಯ್ಯನದು, ದ್ಯಾಮಣ್ಣನದು, ಗಂಗಮ್ಮನದು, ಬ್ರಷ್ಷು ಹಿಡಿದ ಮಗನದು. ಎಲೆಯ ಮೇಲೆ ಕಣ್ಣಿಟ್ಟು ದಾಟಿಹೋಗಲು ಅಲ್ಲಿ ಎಲೆಯಿರಲಿಲ್ಲ.

“ನನ್ ಮಗಳು ಬದುಕಿದಾಳೆ,” ಎಂದ. “ಮದುವೆ ಆಗಿದೆ. ಗಂಡನ ಹೆಸರು ಮುತ್ತಣ್ಣ. ನಮ್ಮೋರಲ್ಲ. ಅದಕ್ಕೆ ನಾನು ಬಿಳಿಹಾಳಿನ ಮಠಕ್ಕೆ ಹೋಗಿ ಅವಳು ಸತ್ಲು ಅಂತ ಬರೆಸಿ ಬಂದೆ. ಬರೆಸಿದ್ದು ನಾನೇ.”

“ಥೂ, ಏನ್ ಮನುಷ್ಯನಯ್ಯ ನೀನು!” ಎಂದ ರಾಮಯ್ಯ. ಬಾಯಿತಪ್ಪಿ ಬಂದದ್ದು. ಅಂದಮೇಲೆ ತಾನೇ ಗಾಬರಿಯಾಗಿ ಕುರ್ಚಿಯ ಮೇಲೆ ಕೂತ. ಹೆಂಗಸರಲ್ಲಿ ಒಬ್ಬಿಬ್ಬರು ಸದ್ದಿಲ್ಲದೆ ಚಪ್ಪಲಿ ಹುಡುಕಲು ಹೊರಟರು.

ಕೊಟ್ರಪ್ಪ ಅವರನ್ನು ನೋಡಲಿಲ್ಲ. ಫೋನನ್ನು ಬಾಯಿಯ ಹತ್ತಿರ ತಂದುಕೊಂಡ.

“ಕೇಳಿಸ್ತಾ?”

ಆ ಕಡೆಯಿಂದ ಯಾರೋ ಮೂಗು ಒರೆಸಿಕೊಂಡ ಸದ್ದು, ಅದರ ಹಿಂದೆ ಕೂಸು ತಟ್ಟೆ ಬಡಿಯುತ್ತಿರುವ ಸದ್ದು.

“ಇಡಬೇಡ,” ಎಂದ ಕೊಟ್ರಪ್ಪ. “ಏನೂ ಮಾತಾಡದಿದ್ರೂ ಪರ್ವಾಗಿಲ್ಲ. ಇಡಬೇಡ.”

ಕಮಲಮ್ಮ ಗೋಡೆ ಹಿಡಿದು ಎದ್ದು ಗಂಡನ ಪಕ್ಕ ಬಂದು ಫೋನಿನ ಮೇಲೆ ಬಗ್ಗಿದಳು. ಸಣ್ಣ ಪರದೆಯ ಮೇಲೆ ನಿಮಿಷ ಓಡುತ್ತಿತ್ತು. ಎರಡಾಯಿತು, ಮೂರಾಯಿತು. ಮಗಳು ಇಡಲಿಲ್ಲ.